ವರ್ಸೇಲ್ಸ್ ನೋಡುವುದಾ, ವಿಯೆನ್ನಾ ನೋಡುವುದಾ?

ರಾಜರ ಆಸ್ಥಾನ ಹೇಗೆ ನಡೆಯುತ್ತಿತ್ತು ಅಂತ ಕಣ್ಣಾರೆ ನೋಡಬೇಕು, ಆದರೆ ರಜೆ ಇರುವುದು ಒಂದೇ ಊರಿಗೆ ಸಾಕಾಗುವಷ್ಟು ಅಂದರೆ, ಪ್ಯಾರಿಸ್ ಪಕ್ಕದ ವರ್ಸೇಲ್ಸ್‌ಗೇ ಹೋಗಿ.

ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ 1682ರಲ್ಲಿ ಇಡೀ ಆಸ್ಥಾನವನ್ನೇ ಇಲ್ಲಿಗೆ ತಂದು ಕೂರಿಸಿದ. ಅವನು ಮಲಗುತ್ತಿದ್ದ ಕೋಣೆ ಅರಮನೆಯ ನಟ್ಟನಡುವೆ ಇದೆ. ಬೆಳಿಗ್ಗೆ ಏಳುವುದೇ ಒಂದು ಸಮಾರಂಭ: ಯಾರು ಮೊದಲು ಒಳಗೆ ಬರಬೇಕು, ಅಂಗಿ ಯಾರು ಕೊಡಬೇಕು, ಎಲ್ಲಕ್ಕೂ ಲೆಕ್ಕ ಇತ್ತು. ರಾತ್ರಿ ಅವನು ಮಲಗಲು ಹೊರಟಾಗ ಮೇಣದಬತ್ತಿ ಹಿಡಿದು ನಿಲ್ಲುವ ಅವಕಾಶ ಸಿಕ್ಕರೆ ಅದೇ ದೊಡ್ಡ ಮರ್ಯಾದೆ. ಮಂಚದ ಮುಂದೆ ಚಿನ್ನದ ಬಣ್ಣದ ಕಟಕಟೆ ಇದೆ, ಅಲ್ಲಿ ಸುಮ್ನೆ ಎರಡು ನಿಮಿಷ ನಿಲ್ಲಿ. ಅಷ್ಟು ದೊಡ್ಡ ಮನೆತನದವರು ಊರು ಬಿಟ್ಟು ಬಂದು ಇಲ್ಲಿ ಯಾಕೆ ಕಾಯುತ್ತಿದ್ದರು ಅಂತ ಹೊಳೆಯುತ್ತದೆ. ಹುದ್ದೆ, ಪಿಂಚಣಿ ಬೇಕಿದ್ದರೆ ರಾಜನ ಕಣ್ಣಿಗೆ ಬೀಳಲೇಬೇಕಿತ್ತು ಅಲ್ವಾ?

ಆಸ್ಟ್ರಿಯಾದ ವಿಯೆನ್ನಾದಲ್ಲಿ ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿಗಳದ್ದು ಇದಕ್ಕೆ ಉಲ್ಟಾ. ಸ್ಪೇನ್ ಕಡೆಯ ಕಟ್ಟುನಿಟ್ಟು, ಕಪ್ಪು ಉಡುಪು, ಮಂಡಿಯೂರಿ ನಮಸ್ಕಾರ. ಮಲಗುವ ಕೋಣೆಗೆ ತೀರಾ ಕಡಿಮೆ ಜನಕ್ಕೆ ಪ್ರವೇಶ. ಎಷ್ಟನೇ ಹೊರಕೋಣೆಯವರೆಗೆ ಬಿಡುತ್ತಾರೆ ಅನ್ನುವುದರಲ್ಲೇ ಮನುಷ್ಯನ ಅಂತಸ್ತು ತಿಳಿಯುತ್ತಿತ್ತು. ನನಗೆ ಈ ಪದ್ಧತಿಯೇ ಜಾಸ್ತಿ ಕುತೂಹಲ ಹುಟ್ಟಿಸುವುದು, ಆದರೆ ಅವರ ಅರಮನೆ ಹಾಫ್‌ಬುರ್ಗ್‌ನಲ್ಲಿ ಇವತ್ತು ತೋರಿಸುವ ಚಕ್ರವರ್ತಿಯ ಕೋಣೆಗಳು 19ನೇ ಶತಮಾನದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕಾಲದವು, ಆ ಹಳೇ ಪದ್ಧತಿಯ ಕಾಲದವಲ್ಲ.

ವಿಯೆನ್ನಾಗೇ ಹೋದರೆ ಈ ಚಕ್ರವರ್ತಿಗಳ ಸಮಾಧಿಗಳಿರುವ ಕಪುಚಿನ್ ಚರ್ಚಿನ ನೆಲಮಾಳಿಗೆ ಬಿಡಬೇಡಿ. ಚಕ್ರವರ್ತಿ ಆರನೇ ಚಾರ್ಲ್ಸ್‌ನ ಶವಪೆಟ್ಟಿಗೆಯ ಮೇಲೆ ಕಿರೀಟ ತೊಟ್ಟ ತಲೆಬುರುಡೆ ಇದೆ, ಮೈ ಜುಂ ಅನ್ನುತ್ತದೆ.

ವರ್ಸೇಲ್ಸ್ ಅರಮನೆ ಸೋಮವಾರ ಮುಚ್ಚಿರುತ್ತದೆ, ನೆನಪಿರಲಿ.