ಕ್ಲಬ್ಬಾ, ಸ್ಟುಡಿಯೋನಾ? ಜಾಝ್ ಬದುಕಿನ ಎರಡು ದಾರಿ

ಜಾಝ್ ನುಡಿಸಿಯೇ ಹೊಟ್ಟೆ ಹೊರೆಯಬೇಕು ಅಂತಿದ್ದರೆ, ನ್ಯೂಯಾರ್ಕಿನ ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿ.

ಪಿಯಾನೋದ ಥೆಲೋನಿಯಸ್ ಮಂಕ್ ತಮಗೆ ಸರಿ ಕಂಡದ್ದನ್ನೇ ನುಡಿಸಿದವರು. 1951ರಲ್ಲಿ ಮಾದಕ ವಸ್ತುವಿನ ಕೇಸಾಗಿ ಅವರ ಕ್ಯಾಬರೆ ಕಾರ್ಡ್ ಹೋಯಿತು. ಆ ಕಾರ್ಡಿಲ್ಲದೆ ಊರಿನ ಕ್ಲಬ್ಬುಗಳಲ್ಲಿ ನುಡಿಸುವಂತಿರಲಿಲ್ಲ. ಸುಮಾರು ಆರು ವರ್ಷ ಹೀಗೇ. ಹೆಂಡತಿ ನೆಲ್ಲಿ ದುಡಿದು ಮನೆ ನಡೆಸಿದರು. 1957ರಲ್ಲಿ ಕಾರ್ಡ್ ಮರಳಿತು. ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಜಾನ್ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ಕಛೇರಿ. ಕೋಲ್ಟ್ರೇನ್ ಸ್ಯಾಕ್ಸೋಫೋನ್ ಊದುವಾಗ ಮಂಕ್ ಪಿಯಾನೋ ಬಿಟ್ಟೆದ್ದು ಸುಮ್ನೆ ಸುತ್ತುತ್ತಾ ಕುಣಿಯುತ್ತಿದ್ದರು. ಆ ಖುಷಿಗೆ ಬೆಲೆ ಕಟ್ಟೋಕಾಗುತ್ತಾ?

ಬಾಸ್ ಎಂಬ ದಪ್ಪ ದನಿಯ ದೊಡ್ಡ ತಂತಿವಾದ್ಯ ನುಡಿಸುತ್ತಿದ್ದ ಮಿಲ್ಟ್ ಹಿಂಟನ್ ಮೊದಲು ಸುಮಾರು 15 ವರ್ಷ ಗಾಯಕ ಕ್ಯಾಬ್ ಕ್ಯಾಲೋವೇ ತಂಡದ ಜೊತೆ ಊರೂರು ಅಲೆದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಹೋಟೆಲುಗಳು ಅವರಂಥ ಕರಿಯರಿಗೆ ರೂಮು ಕೊಡುತ್ತಿರಲಿಲ್ಲ. ಆ ದಿನಗಳನ್ನು ಅವರು ಕ್ಯಾಮೆರಾದಲ್ಲೂ ಹಿಡಿದಿಟ್ಟರು. ಆಮೇಲೆ ರೆಕಾರ್ಡಿಂಗ್ ಸ್ಟುಡಿಯೋ ಸೇರಿದರು. ಒಂದು ಹೊತ್ತು ಯಾರದೋ ಹಾಡು, ಇನ್ನೊಂದು ಹೊತ್ತು ಜಾಹೀರಾತು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸ್ವಂತ ಮನೆಯಾಯಿತು. ಆದರೆ ರೆಕಾರ್ಡಿನ ಮುಖಪುಟದಲ್ಲಿ ಜಾಸ್ತಿ ಇದ್ದದ್ದು ಬೇರೆಯವರ ಹೆಸರೇ.

ನನ್ನನ್ನು ಕೇಳಿದರೆ ಹಿಂಟನ್ ದಾರಿ. ಮಂಕ್ ದಾರಿ ಹಿಡಿಯಲು ಮನೆಯಲ್ಲೊಬ್ಬ ನೆಲ್ಲಿ ಇರಬೇಕು, ಅಲ್ವಾ?