ಕೊಡಗಿನ ಮಳೆಗಾಲದ ಸಣ್ಣ ಮನೆಗೆ ಯಾವ ಕ್ಯಾಟ್ ಲಿಟ್ಟರ್?

ಮನೆಯೊಳಗೆ ಬೆಕ್ಕು ಉಚ್ಚೆ, ಕಕ್ಕಸು ಮಾಡಲು ಟ್ರೇಗೆ ಹಾಕಿಡುವ ಹೀರುವ ಪುಡಿ ಅಥವಾ ಹರಳೇ ಲಿಟ್ಟರ್. ಅದರ ಚೀಲಗಳ ಮೇಲೆ ‘ವಾರಗಟ್ಟಲೆ ವಾಸನೆಯಿಲ್ಲ’ ಎಂದು ಬರೆದಿರುತ್ತದೆ. ಒಣ ಹವೆಯ ಊರಿನಲ್ಲಿ ಆ ಮಾತು ನಡೆದೀತು. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಲೆಯ ಮೇಲೆ ಕಟ್ಟಿದರೂ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ಬಿಡುತ್ತದೆ. ಇಂಥ ಹವೆಯಲ್ಲಿ, ಎರಡೇ ಕೋಣೆಯ ಬಾಡಿಗೆ ಮನೆಯಲ್ಲಿ, ಕಿಟಕಿ ಮುಚ್ಚಿಕೊಂಡು ಬೆಕ್ಕು ಸಾಕುವವರಿಗೆ ಯಾವ ಲಿಟ್ಟರ್ ಆಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತವೆ: ಬೆಂಟೊನೈಟ್ ಜೇಡಿ, ಪೈನ್ ಮರದ ಪೆಲೆಟ್, ಸಿಲಿಕಾ ಹರಳು, ಟೋಫು ಲಿಟ್ಟರ್. ಮಳೆಗಾಲಕ್ಕೆ ನಮ್ಮ ಮೊದಲ ಆಯ್ಕೆ ಸುಗಂಧ ಬೆರೆಸದ, ಗಟ್ಟಿ ಉಂಡೆ ಕಟ್ಟುವ ಬೆಂಟೊನೈಟ್. ಎರಡನೆಯದು ಪೆಲೆಟ್. ಉಳಿದೆರಡು ಕಕ್ಕಡ ತಿಂಗಳಿಗೆ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಜಡಿಮಳೆಯ ಕಾಲಕ್ಕೆ) ಹೇಳಿಸಿದ್ದಲ್ಲ.

ಬೆಕ್ಕಿನ ಉಚ್ಚೆ ಆಗತಾನೆ ಮಾಡಿದಾಗ ಅಷ್ಟೇನೂ ನಾರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಘಾಟು ಅದೇ. ಆ ಕೆಲಸಕ್ಕೆ ಬೇಕಾದದ್ದು ತೇವ ಮತ್ತು ಸಮಯ. ಆದ್ದರಿಂದ ಲಿಟ್ಟರ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ಅದರ ಪರಿಮಳ ನೋಡಬಾರದು, ತೇವವನ್ನು ಎಷ್ಟು ಬೇಗ ಹಿಡಿದಿಟ್ಟುಕೊಂಡು ಮನೆಯಿಂದ ಆಚೆ ಹೋಗಲು ಬಿಡುತ್ತದೆ ಎಂದು ನೋಡಬೇಕು.

ಬೆಂಟೊನೈಟ್ ಮುಂದೆ ನಿಲ್ಲುವುದು ಇಲ್ಲೇ. ನಮ್ಮ ದೇಶದಲ್ಲಿ ಈ ಜೇಡಿ ಹೆಚ್ಚಾಗಿ ಬರುವುದು ಗುಜರಾತಿನ ಕಚ್ಛ್‌ನಿಂದ. ಸೋಡಿಯಂ ಬೆಂಟೊನೈಟ್ ನೀರು ಕುಡಿದರೆ ಉಬ್ಬಿ ಅಂಟಿಕೊಳ್ಳುತ್ತದೆ. ಉಚ್ಚೆ ಬಿದ್ದ ಜಾಗ ಮಾತ್ರ ಉಂಡೆಯಾಗಿ, ಸುತ್ತಲಿನದು ಒಣಗಿಯೇ ಇರುತ್ತದೆ. ಉಂಡೆ ಎತ್ತಿ ಎಸೆದರೆ ಅಮೋನಿಯಾ ಹುಟ್ಟುವ ಸರಕೇ ಮನೆಯಿಂದ ಆಚೆ ಹೋದಂತೆ. ಕ್ಯಾಲ್ಸಿಯಂ ಬೆಂಟೊನೈಟ್ ಅಷ್ಟು ಉಬ್ಬುವುದಿಲ್ಲ. ಕಡಿಮೆ ಬೆಲೆಯ ಚೀಲ ಕೆಲವೊಮ್ಮೆ ಉಂಡೆ ಕಟ್ಟದೆ ಕೆಸರಾಗುವುದಕ್ಕೆ ಇದೂ ಒಂದು ಕಾರಣ. ಹೊಸ ಚೀಲ ತಂದ ಕೂಡಲೇ ಒಂದು ಬಟ್ಟಲಿನಲ್ಲಿ ಐದು ಸೆಂಟಿಮೀಟರ್ ಆಳಕ್ಕೆ ಹಾಕಿ, ಎರಡು ದೊಡ್ಡ ಚಮಚ (30 ಮಿ.ಲೀ.) ನೀರನ್ನು ಒಂದೇ ಕಡೆ ಹೊಯ್ದು ಕಾಲು ಗಂಟೆ ಬಿಡಿ. ಆಮೇಲೆ ಸ್ಕೂಪಿನಿಂದ ಎತ್ತಿ ಅಲ್ಲಾಡಿಸಿ. ಉಂಡೆ ಇಡಿಯಾಗಿ ಬಂದು, ಬಟ್ಟಲಿನ ತಳ ಒಣಗಿದ್ದರೆ ಚೀಲ ಚೆನ್ನಾಗಿದೆ. ಪುಡಿ ಉದುರಿದರೆ, ತಳದಲ್ಲಿ ಕೆಸರು ಮೆತ್ತಿದರೆ ಟ್ರೇಯಲ್ಲೂ ಅದೇ ಆಗುತ್ತದೆ. ಅಂಥ ಬ್ರಾಂಡನ್ನು ಮತ್ತೆ ತರಬೇಡಿ.

ಒಳ್ಳೆಯ ಬೆಂಟೊನೈಟ್ ತಂದೂ ಸೋಲುವವರು ಸಾಮಾನ್ಯವಾಗಿ ಸೋಲುವುದು ಆಳದಲ್ಲಿ. 45 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ಟ್ರೇಗೆ ಐದು ಕಿಲೋ ಚೀಲ ಪೂರ್ತಿ ಸುರಿದರೂ ಆಳ ಬರುವುದು ಸುಮಾರು ಮೂರೂವರೆ ಸೆಂಟಿಮೀಟರ್. ಉಚ್ಚೆ ಅಷ್ಟನ್ನೂ ದಾಟಿ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಕೆರೆಯಲು ಹೋದರೆ ಉಂಡೆ ಒಡೆಯುತ್ತದೆ, ಒಡೆದ ಚೂರು ಒಣ ಲಿಟ್ಟರಿನಲ್ಲಿ ಸೇರಿ ಟ್ರೇಗೆ ಟ್ರೇಯೇ ನಾರಲು ತೊಡಗುತ್ತದೆ. ಅದೇ ಟ್ರೇಗೆ ಏಳರಿಂದ ಎಂಟು ಕಿಲೋ ಹಾಕಿ ಐದಾರು ಸೆಂಟಿಮೀಟರ್ ಕಾಯ್ದುಕೊಳ್ಳಿ. ದಿನಕ್ಕೆರಡು ಸಲ ಎತ್ತಬೇಕು, ಎತ್ತಿದಷ್ಟನ್ನು ವಾರಕ್ಕೊಮ್ಮೆ ತುಂಬಬೇಕು. ನಾಲ್ಕು ಕಿಲೋ ತೂಕದ ಬೆಕ್ಕು ದಿನಕ್ಕೆ 80ರಿಂದ 150 ಮಿ.ಲೀ. ಉಚ್ಚೆ ಮಾಡುತ್ತದೆ, ಒಂದು ದಿನ ಬಿಟ್ಟರೂ ಮರುದಿನದ ಉಂಡೆಗಳು ಒಂದರ ಮೇಲೊಂದು ಅಂಟಿ ಹಲಗೆಯಾಗುತ್ತವೆ. ಸ್ಕೂಪ್ ಲೋಹದ್ದಾಗಿರಲಿ. ಪ್ಲಾಸ್ಟಿಕ್ ಸ್ಕೂಪ್ ಬಾಗಿ ಉಂಡೆ ಒಡೆಯುತ್ತದೆ.

ಇದರ ಕೊರತೆಗಳೂ ಇವೆ. ತೂಕ ಹೆಚ್ಚು, ಸುರಿಯುವಾಗ ಧೂಳು ಏಳುತ್ತದೆ, ಮನೆಯಲ್ಲಿ ಉಬ್ಬಸದವರಿದ್ದರೆ ಇದು ಬೇಡ. ತೇವವಿರುವ ಪಾದಕ್ಕೆ ಅಂಟಿ ರೆಡ್ ಆಕ್ಸೈಡ್ ನೆಲದ ಮೇಲೆಲ್ಲ ಬೂದು ಹೆಜ್ಜೆ ಮೂಡುತ್ತದೆ. ಟ್ರೇ ಮುಂದೆ ಒರಟು ಕಾಯರ್ ಮ್ಯಾಟ್ ಹಾಕಿದರೆ ಅರ್ಧ ನಿಲ್ಲುತ್ತದೆ. ಎರಡು ತಿಂಗಳೊಳಗಿನ ಮರಿಗಳು ಲಿಟ್ಟರನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಹೊಟ್ಟೆಯಲ್ಲಿ ಗಟ್ಟಿಯಾಗುವ ವಸ್ತು ಅವಕ್ಕೆ ಅಪಾಯ, ಆದ್ದರಿಂದ ಮರಿಗಳಿಗೆ ಪೆಲೆಟ್ಟೇ ಇರಲಿ.

ಪೆಲೆಟ್ ಉಚ್ಚೆ ತಗುಲಿದೊಡನೆ ಉಬ್ಬಿ ಮರದಪುಡಿಯಾಗುತ್ತದೆ. ಪೈನ್ ಮರದ ವಾಸನೆ ಅಮೋನಿಯಾವನ್ನು ಒಂದಿಷ್ಟು ಮರೆಸುತ್ತದೆ, ಧೂಳು ಕಡಿಮೆ, ಎತ್ತಲು ಹಗುರ. ಆದರೆ ಇದಕ್ಕೆ ಸಾಮಾನ್ಯ ಟ್ರೇ ಸಾಲದು, ಜರಡಿ ಟ್ರೇ ಬೇಕು: ಮೇಲಿನ ಟ್ರೇ ತೂತಿನದು, ಕೆಳಗಿನದು ಪುಡಿ ಹಿಡಿಯಲು. ಮೂರು ಸೆಂಟಿಮೀಟರ್ ಆಳ, ಅಂದರೆ ಮೂರು ಕಿಲೋದಷ್ಟು ಹಾಕಿ. ಹೆಚ್ಚು ಹಾಕಿದರೆ ಉಬ್ಬಿದ ಪುಡಿ ಕೆಳಗಿಳಿಯಲು ದಾರಿಯಿಲ್ಲದೆ ಮೇಲೇ ಉಳಿಯುತ್ತದೆ. ದಿನಕ್ಕೊಮ್ಮೆ ಅಲ್ಲಾಡಿಸಿ, ಕೆಳಗಿನ ಟ್ರೇಯನ್ನು ದಿನವೂ ಖಾಲಿ ಮಾಡಬೇಕು. ನಾರುವುದು ಆ ಪುಡಿಯೇ. ಕೊಡಗಿನಲ್ಲಿ ಇದಕ್ಕೊಂದು ದೊಡ್ಡ ತೊಂದರೆಯಿದೆ. ಬಿಚ್ಚಿಟ್ಟ ಚೀಲ ಗಾಳಿಯ ತೇವ ಕುಡಿದು ಬಳಸುವ ಮೊದಲೇ ಪುಡಿಪುಡಿಯಾಗುತ್ತದೆ. ಚೀಲ ಬಿಚ್ಚಿದ ದಿನವೇ ಬಿಗಿ ಮುಚ್ಚಳದ ಡ್ರಮ್ಮಿಗೆ ಸುರಿದಿಡಿ. ಬಾಯ್ಲರಿಗೆ ಉರಿಸಲು ಮಾರುವ ಬಯೋಮಾಸ್ ಪೆಲೆಟ್ ಅಗ್ಗ ಎಂದು ತರಬೇಡಿ. ಅದರಲ್ಲಿ ಏನೇನು ಬೆರೆತಿದೆ ಎಂದು ಚೀಲ ಹೇಳುವುದಿಲ್ಲ.

ಸಿಲಿಕಾ ಹರಳು ಬೇಸಿಗೆಯಲ್ಲಿ ಅಚ್ಚುಕಟ್ಟು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅಥವಾ ಮಳೆ ಕಡಿಮೆ ಬೀಳುವ ಕುಶಾಲನಗರದ ಕಡೆಗೆ ಧಾರಾಳವಾಗಿ ತನ್ನಿ. ಮಡಿಕೇರಿಯ ಜುಲೈನಲ್ಲಿ ಅದು ಬೆಕ್ಕಿನ ಉಚ್ಚೆಗಿಂತ ಮೊದಲು ಗಾಳಿಯ ತೇವವನ್ನೇ ಹೀರಿ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಉಚ್ಚೆ ಹಳದಿಯಾಗಿ ತಳದಲ್ಲಿ ನಿಲ್ಲುತ್ತದೆ. ಟೋಫು ಲಿಟ್ಟರ್ ಸೋಯಾ ಹಿಂಡಿ ಮತ್ತು ಪಿಷ್ಟದಿಂದ ಮಾಡಿದ್ದು. ಹಗುರ, ಉಂಡೆ ಚೆನ್ನಾಗಿ ಕಟ್ಟುತ್ತದೆ, ಧೂಳಿಲ್ಲ. ಆದರೆ ಅದು ಮೂಲದಲ್ಲಿ ತಿನ್ನುವ ಪದಾರ್ಥವೇ, ಜಡಿಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ಇರುವೆ ಬರುತ್ತದೆ. ಟ್ರೇಯಲ್ಲಿ ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ, ಹುಳಿ ವಾಸನೆ ಬಂದರೆ ಪೂರ್ತಿ ಎಸೆಯಿರಿ. ಚೀಲದ ಮೇಲೆ ‘ಫ್ಲಶ್ ಮಾಡಬಹುದು’ ಎಂದಿದ್ದರೂ ಮನೆ ಹಿಂದಿನ ಕಕ್ಕಸು ಗುಂಡಿಗೆ ಬಿಡಬೇಡಿ, ಗುಂಡಿ ಬೇಗ ತುಂಬುತ್ತದೆ.

ಕಾಸು ಉಳಿಸಲು ಮನೆಯ ಸುತ್ತ ಸಿಗುವುದನ್ನೇ ಬಳಸುವವರು ಬಹಳ. ಸಾಮಿಲ್ಲಿನ ಮರದಪುಡಿ ಹೀರುತ್ತದೆ, ಆದರೆ ಉಂಡೆ ಕಟ್ಟುವುದಿಲ್ಲ, ಎರಡು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟು ಇರುತ್ತದೆ, ಅದು ಬೇಡ. ಒಲೆಯ ಬೂದಿಯನ್ನಂತೂ ಹಾಕಲೇಬೇಡಿ. ಬೂದಿ ಕ್ಷಾರ, ಉಚ್ಚೆಯಲ್ಲಿ ಕರಗಿ ಕೂತಿದ್ದ ಅಮೋನಿಯಾವನ್ನು ಅದು ಗಾಳಿಗೆ ಬಿಡಿಸುತ್ತದೆ, ಘಾಟು ಇಳಿಯುವ ಬದಲು ಏರುತ್ತದೆ. ಸುಣ್ಣದ ಪುಡಿಯದೂ ಇದೇ ಗುಣ. ಅಡುಗೆ ಸೋಡಾ ಸೌಮ್ಯ ಕ್ಷಾರವಾದ್ದರಿಂದ ಟ್ರೇಯ ತಳಕ್ಕೆ ಒಂದು ದೊಡ್ಡ ಚಮಚ ಉದುರಿಸಿದರೆ ಸಾಕು. ಹಿಡಿಗಟ್ಟಲೆ ಸುರಿದರೆ ಉಪಯೋಗವಿಲ್ಲ. ಕಾಫಿ ಹೊಟ್ಟನ್ನೂ ಕಾಫಿ ಚರಟವನ್ನೂ ವಾಸನೆ ಹೀರುತ್ತದೆಂದು ಟ್ರೇಗೆ ಹಾಕುವುದು ತೋಟದ ಜಿಲ್ಲೆಯಲ್ಲಿ ಸಹಜವಾಗಿ ಹೊಳೆಯುವ ಉಪಾಯ, ಆದರೆ ಎರಡರಲ್ಲೂ ಕೆಫೀನ್ ಉಳಿದಿರುತ್ತದೆ, ಕೆಫೀನ್ ಬೆಕ್ಕಿಗೆ ವಿಷ. ಬೆಕ್ಕು ಪಾದ ನೆಕ್ಕಿಯೇ ನೆಕ್ಕುತ್ತದೆ.

ಟ್ರೇಗೆ ಮುಚ್ಚಳವಿರುವ ಡಬ್ಬಿ ತರಬೇಕೆಂದು ಸಣ್ಣ ಮನೆಯವರಿಗೆ ಅನ್ನಿಸುವುದು ಸಹಜ. ಮುಚ್ಚಳ ನಮ್ಮ ಮೂಗನ್ನು ಕಾಪಾಡುತ್ತದೆ, ಅಮೋನಿಯಾ ಮತ್ತು ತೇವವನ್ನು ಬೆಕ್ಕಿನ ಮೂಗಿನ ಮಟ್ಟದಲ್ಲಿ ಕೂಡಿಹಾಕುತ್ತದೆ. ನಾರುವ ಡಬ್ಬಿಗೆ ಹೋಗಲೊಲ್ಲದ ಬೆಕ್ಕು ಹಾಸಿಗೆಯ ಮೇಲೆ ಮಾಡುತ್ತದೆ. ಲ್ಯಾವೆಂಡರ್ ಹಾಕಿದ ಲಿಟ್ಟರಿನಿಂದಲೂ ಇದೇ ಅಪಾಯ. ಪಾತ್ರೆ ಅಂಗಡಿಯ 50 ಲೀಟರಿನ ಪ್ಲಾಸ್ಟಿಕ್ ಸ್ಟೋರೇಜ್ ಬಾಕ್ಸ್ ಎಲ್ಲಕ್ಕಿಂತ ಮೇಲು: ಮುಚ್ಚಳ ತೆಗೆದಿಟ್ಟು, ಅಗಲ ಕಡಿಮೆಯಿರುವ ಒಂದು ಬದಿಯಲ್ಲಿ ನೆಲದಿಂದ 12 ಸೆಂ.ಮೀ. ಎತ್ತರಕ್ಕೆ ಬಾಗಿಲು ಕೊಯ್ದು, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟು ಇರಬೇಕು.

ಎಲ್ಲಿಡಬೇಕು? ಬಚ್ಚಲು ಬೇಡ, ಹಂಡೆಯ ಹಬೆ ಲಿಟ್ಟರಿಗೆ ಸೇರುತ್ತದೆ. ಸಿಟೌಟಿನಲ್ಲಿ ಇರಚಲು ಹೊಡೆಯುತ್ತದೆ. ಒಲೆಯ ಹತ್ತಿರ ಬೆಚ್ಚಗಿರುವುದು ನಿಜ, ಆದರೆ ಶಾಖಕ್ಕೆ ಅಮೋನಿಯಾ ಇನ್ನೂ ಬೇಗ ಏಳುತ್ತದೆ. ನೈರುತ್ಯ ಮಳೆ ಪಶ್ಚಿಮದ ಗೋಡೆಗೆ ಬಡಿಯುವುದರಿಂದ ಮಳೆಯಲ್ಲೂ ಅರ್ಧ ತೆರೆದಿಡಬಹುದಾದ ಕಿಟಕಿ ಸಾಮಾನ್ಯವಾಗಿ ಪೂರ್ವದ್ದು. ಬಾಕ್ಸ್ ಅದರ ಕೆಳಗಿರಲಿ. ನೇರ ನೆಲದ ಮೇಲಿಡದೆ ಎರಡು ಇಟ್ಟಿಗೆ, ಒಂದು ಹಲಗೆ ಹಾಕಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಬಾಕ್ಸಿನ ಅಡಿಯಲ್ಲಿ ನಿಂತ ನೀರಿಗೆ ಚೆಲ್ಲಿದ ಲಿಟ್ಟರ್ ಸೇರಿ ಅದೇ ಒಂದು ನಾತದ ಮೂಲವಾಗುತ್ತದೆ. ಗಾಳಿಯ ತೇವ ತೆಗೆಯುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್ ಇದ್ದರೆ ವಾಸನೆ ಖಂಡಿತ ಇಳಿಯುತ್ತದೆ, ಆದರೆ ಕರೆಂಟ್ ಹೋದ ದಿನಗಳಿಗೆ ಅದನ್ನು ನಂಬಿ ಕೂರುವಂತಿಲ್ಲ.

ಬೆಂಟೊನೈಟ್ ಬಾಕ್ಸನ್ನು ಮೂರು ನಾಲ್ಕು ವಾರಕ್ಕೊಮ್ಮೆ ಖಾಲಿ ಮಾಡಿ, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ತೊಳೆದ ನೀರನ್ನು ಜೇಡಿಯ ಸಮೇತ ಬಚ್ಚಲ ಪೈಪಿಗೆ ಬಿಟ್ಟರೆ ಪೈಪು ಕಟ್ಟಿಕೊಳ್ಳುತ್ತದೆ, ಮೊದಲು ಕಾಗದದಿಂದ ಒರೆಸಿ ತೆಗೆಯಿರಿ. ಬಿಸಿಲಿಲ್ಲದ ದಿನಗಳಲ್ಲಿ ಒಂದು ರಾತ್ರಿ ಬೋರಲು ಹಾಕಿಟ್ಟರೆ ಮಾತ್ರ ಒಣಗೀತು. ಅದಕ್ಕೇ ಎರಡು ಬಾಕ್ಸ್ ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಒಳ್ಳೆಯದು. ಒದ್ದೆ ಬಾಕ್ಸಿಗೆ ಹೊಸ ಲಿಟ್ಟರ್ ಸುರಿದರೆ ತಳದಲ್ಲಿ ಆಗಲೇ ಕೆಸರು. ಫಿನಾಯಿಲ್ ಮುಟ್ಟಲೇಬೇಡಿ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ವಿಲೇವಾರಿ ಮಾಡಲಾರದು, ಪಾದದ ಮೂಲಕ ಒಳಗೆ ಹೋದ ಸ್ವಲ್ಪವೂ ಕೆಡುಕು. ಬ್ಲೀಚ್ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಎಂಬ ವಿಷಗಾಳಿ ಏಳುತ್ತದೆ, ಸಣ್ಣ ಬಚ್ಚಲಿನಲ್ಲಿ ಅದು ಮನುಷ್ಯರಿಗೂ ಅಪಾಯ. ಹೊರಗೆ ಚೆಲ್ಲಿದ ಉಚ್ಚೆಗೆ ಎನ್‌ಜೈಮ್ ಕ್ಲೀನರ್ ಹಾಕಿ ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ. ಹಾಕಿದ ಕೂಡಲೇ ಒರೆಸಿದರೆ ಅದಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಬಾಕ್ಸ್ ಬದಲಿಸಿ, ಉಗುರಿನ ಗೀರುಗಳಲ್ಲಿ ಕೂತ ನಾತ ತೊಳೆದರೆ ಹೋಗುವುದಿಲ್ಲ.

ಆಪರೇಷನ್ ಆಗದ ಗಂಡು ಬೆಕ್ಕಿದ್ದರೆ ಯಾವ ಲಿಟ್ಟರೂ ಪೂರ್ತಿ ಗೆಲ್ಲುವುದಿಲ್ಲ. ಅದರ ಉಚ್ಚೆಯಲ್ಲಿ ಫೆಲಿನೈನ್ ಎಂಬ ಗಂಧಕದ ಅಂಶವಿರುವ ವಸ್ತು ಹೆಚ್ಚು, ಅದು ಒಡೆದಾಗ ಬರುವ ವಾಸನೆ ಗೋಡೆಗೂ ಹಿಡಿಯುತ್ತದೆ. ಪಶು ವೈದ್ಯರನ್ನು ಕೇಳಿ ಆಪರೇಷನ್ ಮಾಡಿಸಿ. ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದರೆ, ಉಂಡೆಗಳು ಅಡಿಕೆಯಷ್ಟು ಚಿಕ್ಕದಾಗಿದ್ದರೆ ಅಥವಾ ಬೀಳದೇ ಇದ್ದರೆ ಮೂತ್ರನಾಳ ಕಟ್ಟಿರಬಹುದು. ಗಂಡಿಗೆ ಇದು ಪ್ರಾಣಕ್ಕೆ ಬರುವ ಕಾಯಿಲೆ, ಅದೇ ದಿನ ವೈದ್ಯರಲ್ಲಿಗೆ ಒಯ್ಯಿರಿ. ಉಂಡೆ ಒಮ್ಮೆಲೇ ದೊಡ್ಡದಾಗಿ, ಸಂಖ್ಯೆಯೂ ಏರಿದರೆ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವುದು ಉಂಡೆ ಕಟ್ಟುವ ಲಿಟ್ಟರ್ ಮಾತ್ರ, ಬೆಂಟೊನೈಟನ್ನು ನಾವು ಮೇಲಿಡುವುದಕ್ಕೆ ಇದೂ ಒಂದು ಕಾರಣ.

ಎತ್ತಿದ್ದನ್ನು ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಬಕೆಟ್ಟಿನಲ್ಲಿಟ್ಟು, ಕಸದ ಗಾಡಿಗೆ ಬೇರೆಯಾಗಿ ಕೊಡಿ. ಟೊಕ್ಸೊಪ್ಲಾಸ್ಮಾ ರೋಗಾಣು ಮಲದಲ್ಲಿ ಬಂದರೆ ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು, ಹಾಗಾಗಿ ದಿನವೂ ಎತ್ತಿದರೆ ಅಪಾಯ ಬಹಳ ಕಡಿಮೆ. ಆದರೂ ಬಸುರಿ ಹೆಂಗಸರು ಈ ಕೆಲಸ ಮಾಡಬಾರದು. ಗಾಡಿ ಬಾರದ ತೋಟದ ಮನೆಯವರು ಬಾವಿ, ತೋಡು, ತರಕಾರಿ ಮಡಿ ಮೂರಕ್ಕೂ ದೂರದಲ್ಲಿ ಎರಡು ಅಡಿ ಆಳಕ್ಕೆ ಹೂಳಿ. ಉಚ್ಚೆ ಬಿದ್ದ ಪೆಲೆಟ್ ಪುಡಿಯನ್ನು ಮಾತ್ರ ಹೂಗಿಡದ ಗೊಬ್ಬರಕ್ಕೆ ಸೇರಿಸಬಹುದು. ಬೆಂಟೊನೈಟ್ ಕೊಳೆಯುವುದಿಲ್ಲ, ಕಾಫಿ ಗಿಡದ ಬುಡಕ್ಕೆ ಸುರಿದರೆ ನೀರು ಇಂಗದಂತೆ ಅಂಟಿ ಕೂರುತ್ತದೆ.