ಎರಡು ಎಕರೆ ತೋಟಕ್ಕೆ ಯಾವ ಜೇನು?

ಸುಳ್ಯದ ಕಡೆ ಜೇನು ಸಾಕಲು ಹೊರಟವರು ಮೊದಲು ಕೇಳುವುದು, ಯಾವ ಹುಳುವಿನಲ್ಲಿ ಜೇನುತುಪ್ಪ ಜಾಸ್ತಿ ಅಂತ. ಮೆಲ್ಲಿಫೆರಾ ಎಂಬ ದೊಡ್ಡ ಜೇನಿನಲ್ಲಿ, ಅನುಮಾನವೇ ಇಲ್ಲ. ಆದರೂ ಸಾಲ ಮಾಡಿ ಪೆಟ್ಟಿಗೆ ಕೊಳ್ಳುವ ಸಣ್ಣ ಕೃಷಿಕರಿಗೆ ನಾನು ಹೇಳುವುದು ತುಡುವೆ, ಅಂದರೆ ನಮ್ಮ ನಾಡಿನದ್ದೇ ಆದ ಪೆಟ್ಟಿಗೆ ಜೇನು. ತುಡುವೆ, ಮೆಲ್ಲಿಫೆರಾ, ಚುಚ್ಚದ ಪುಟ್ಟ ಜೇನು ಮುಜಂಟಿ, ಈ ಮೂರನ್ನೂ ಒಂದೇ ಅಡಿಕೆ ತೋಟದಲ್ಲಿ ಸಾಕಿ ನೋಡಿದ ಮೇಲಿನ ಮಾತು ಇದು.

ಮೆಲ್ಲಿಫೆರಾ ಹೊರಗಿನಿಂದ ಬಂದ ಜೇನು. 1960ರ ದಶಕದಲ್ಲಿ ಪಂಜಾಬ್, ಹಿಮಾಚಲದ ಕಡೆ ನೆಲೆಯೂರಿ ದೇಶವೆಲ್ಲ ಹರಡಿತು. ಹುಳು ದೊಡ್ಡದು, ಸ್ವಭಾವ ಸೌಮ್ಯ. ಪೆಟ್ಟಿಗೆಯೊಳಗಿನ ಮರದ ಚೌಕಟ್ಟು, ಅಂದರೆ ಫ್ರೇಮ್ ಎತ್ತಿದರೆ ಎರಿಯ (ಮೇಣದ ಹಲ್ಲೆಯ) ಮೇಲೆ ಕೂತಲ್ಲೇ ಕೂತಿರುತ್ತದೆ. ತುಡುವೆ ಹಾಗಲ್ಲ, ಗಾಬರಿಯಿಂದ ಓಡಿ ಫ್ರೇಮಿನ ಕೆಳ ಮೂಲೆಯಲ್ಲಿ ಗೊಂಚಲು ಕಟ್ಟುತ್ತದೆ. ರಾಣಿ ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಹೊಸಬರಿಗೆ ಮೆಲ್ಲಿಫೆರಾ ತುಂಬಾ ಹಿಡಿಸುತ್ತದೆ. ಸೂರ್ಯಕಾಂತಿ, ಹುಚ್ಚೆಳ್ಳು ಹೂ ಬಿಡುವ ಕಡೆಗೆಲ್ಲ ಲಾರಿಯಲ್ಲಿ ಸಾಗಿಸಿದರೆ ಪೆಟ್ಟಿಗೆಗೆ ವರ್ಷಕ್ಕೆ 30 ಕಿಲೋ ಬರುವುದೂ ಉಂಟು. ಲಾರಿ ಬಾಡಿಗೆ, ಕಾವಲು, ವಾರಗಟ್ಟಲೆ ಮನೆ ಬಿಟ್ಟಿರುವುದು, ಇದೆಲ್ಲ ಕೂಲಿಗೂ ಹೋಗಬೇಕಾದವರಿಗೆ ಆಗುವ ಕೆಲಸವೇ?

ಇಟ್ಟಲ್ಲೇ ಇಟ್ಟರೆ ರಬ್ಬರ್ ಚಿಗುರುವ ಕಾಲದಲ್ಲಿ ಎಲೆ ತೊಟ್ಟಿನ ಬಳಿ ಒಸರುವ ಮಕರಂದವೇ ದೊಡ್ಡ ಆದಾಯ. ಜೂನ್‌ನಲ್ಲಿ ಮಳೆ ಬಂತೆಂದರೆ ಹುಳುವಿಗೆ ಸಕ್ಕರೆ ಪಾಕ ಕೊಡುವುದು ಶುರು. ಸಂಸಾರ ದೊಡ್ಡದು, ಸಕ್ಕರೆಯೂ ಹಾಗೇ ಬೇಕು. ಮೇಲಿಂದ ಜೇನಿನ ಮೈಗೆ ಅಂಟುವ ವರೋವಾ ನುಸಿ. ಈ ನುಸಿ ಮೂಲದಲ್ಲಿ ತುಡುವೆಯ ಗೂಡಿನದ್ದೇ. ತುಡುವೆ ಮೈ ಕೆದಕಿ ಅದನ್ನು ಕಿತ್ತು ಹಾಕುತ್ತದೆ. ಮೆಲ್ಲಿಫೆರಾಕ್ಕೆ ಆ ಚಾಕಚಕ್ಯತೆ ಅಷ್ಟಿಲ್ಲ. ಮದ್ದಿನ ಖರ್ಚು ನಮ್ಮ ತಲೆಗೆ.

ತುಡುವೆ ಕೊಡುವುದು 5ರಿಂದ 10 ಕಿಲೋ. ಕಮ್ಮಿ, ಹೌದು. ಆದರೆ ಇದು ಇಲ್ಲಿನ ಮಳೆಗೆ ಹುಟ್ಟಿದ ಹುಳು. ಮಳೆಗಾಲದಲ್ಲಿ ಸಂಸಾರ ಚಿಕ್ಕದಾಗಿಸಿಕೊಂಡು ಸುಮ್ನೆ ಕಾಯುತ್ತದೆ. ಗೆರಟೆಯಲ್ಲಿ ಸ್ವಲ್ಪ ಪಾಕ ಹಾಕಿ, ಹುಳು ಮುಳುಗದ ಹಾಗೆ ನಾಲ್ಕು ಕಡ್ಡಿ ಇಟ್ಟರೆ ಸಾಕು. ಪೆಟ್ಟಿಗೆ ಇಟ್ಟ ಸ್ಟ್ಯಾಂಡಿನ ಬುಡದಲ್ಲಿ ನೀರು ಬತ್ತದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಇರುವೆ ಹತ್ತುತ್ತದೆ. ಎರಿಗೆ ಮೇಣ ತಿನ್ನುವ ಹುಳು ಬಿದ್ದರೆ, ಇಲ್ಲವೇ ಜೇನಿಗೆ ತಿನ್ನಲು ಸಾಲದಿದ್ದರೆ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಇದೇ ಅದರ ದೊಡ್ಡ ತೊಂದರೆ.

ಅದಕ್ಕಿಂತ ದೊಡ್ಡದು ರೋಗ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆಯನ್ನು ಹೆಚ್ಚುಕಮ್ಮಿ ಗುಡಿಸಿಹಾಕಿತು. ಮರಿಹುಳು ನೀರು ತುಂಬಿದ ಚೀಲದಂತೆ ಆಗಿ, ತಲೆ ಮೇಲೆತ್ತಿಕೊಂಡು ಎರಿಯ ಕೋಣೆಯಲ್ಲೇ ಸಾಯುತ್ತದೆ. ಮದ್ದಿಲ್ಲ. ಇರುವ ದಾರಿ ಎಂದರೆ ರೋಗದ ನಡುವೆಯೂ ಗಟ್ಟಿಯಾಗಿ ಉಳಿದ ಕುಟುಂಬವನ್ನೇ ಪಾಲು ಮಾಡಿ, ಅಂದರೆ ಒಂದನ್ನು ಎರಡಾಗಿಸಿ ಬೆಳೆಸುವುದು.

ಸಣ್ಣ ಕೃಷಿಕರ ನಿಜವಾದ ಗಳಿಕೆಯೂ ಈ ಪಾಲಿನಲ್ಲೇ ಇದೆ. ತುಪ್ಪದ ದುಡ್ಡು ಬೇಸಗೆಯಲ್ಲಿ ಒಮ್ಮೆ ಬರುತ್ತದೆ. ಪಾಲು ಮಾಡಿದ ಕುಟುಂಬ ಮಾರಿದರೆ ಇನ್ನೊಂದು ಆದಾಯ. ಪೆಟ್ಟಿಗೆಯನ್ನು ಊರಿನ ಬಡಗಿಯೇ ಮಾಡಿಕೊಡುತ್ತಾರೆ, ಮೊದಲ ಕುಟುಂಬವನ್ನು ಮರದ ಪೊಟರೆಯಿಂದಲೋ ಹುತ್ತದಿಂದಲೋ ಹಿಡಿಯಬಹುದು. ಇಷ್ಟು ಕಡಿಮೆ ಬಂಡವಾಳದಲ್ಲಿ ಬೇರೆ ಯಾವ ಉಪಕಸುಬು ಶುರುವಾಗುತ್ತದೆ ಹೇಳಿ?

ಮುಜಂಟಿಯದ್ದು ಬೇರೆಯೇ ಲೆಕ್ಕ. ಚುಚ್ಚುವುದಿಲ್ಲ, ಮನೆಗೋಡೆಯಲ್ಲೇ ಇರುತ್ತದೆ, ಮಕ್ಕಳಿದ್ದರೂ ಭಯವಿಲ್ಲ. ಹುಳಿ ಮಿಶ್ರಿತ ತುಪ್ಪಕ್ಕೆ ಮದ್ದಿನ ಹೆಸರಿದೆ, ರೇಟೂ ಚೆನ್ನಾಗಿದೆ. ಆದರೆ ವರ್ಷಕ್ಕೆ ಸಿಗುವುದು ಅರ್ಧ ಕಿಲೋ ಆಸುಪಾಸು. ಜೀವನ ಸಾಗದು. ತುಡುವೆಯ ಜೊತೆಗೆ ಇರಲಿ.

ತುಡುವೆ ಕುಟುಂಬ ಕೊಳ್ಳುವವರು ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಕೊಳ್ಳಿ. ಕೊಳ್ಳುವ ಮೊದಲು ಎರಿ ಎತ್ತಿಸಿ ಮರಿಹುಳುಗಳನ್ನು ಕಣ್ಣಾರೆ ನೋಡಿ. ಎತ್ತಿ ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ.